ಕೋಸಂಬರಿ ತಂದಿಟ್ಟ ಜಗಳ

ಜಗಳ ತಂದಿಡುವುದರಲ್ಲಿ ನನ್ನನ್ನು ಮೀರಿಸುವವನು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಅವನಿಗೂ ಅವನ ತೊಟ್ಟಿಲಿಗೂ ನಾನು ಆಗಲೇ ಜಗಳ ತಂದಿಟ್ಟು ಬಂದಿರುತ್ತೇನೆ. ಅಂಟಿಕೊಂಡ ಎರಡು ಇಡ್ಲಿಗಳ ಪಕ್ಕ ನನ್ನನ್ನು ಒಂದು ಗಳಿಗೆ ಕೂರಿಸಿ. ಅವು ಮತ್ತೆ ಒಂದೇ ತಟ್ಟೆಯಲ್ಲಿ ಕೂತರೆ ನನ್ನ ಹೆಸರು ತಿಪ್ಪೇರುದ್ರನೇ ಅಲ್ಲ. ಇದನ್ನು ಚಾಳಿ ಎಂದು ತಿಳಿಯಬೇಡಿ. ಇದು ನನ್ನ ಉದ್ಯೋಗ. ಇದಕ್ಕೆ ಸಂಬಳ, ರಜೆ, ಕೊರಳಿಗೆ ಹಾಕಿಕೊಳ್ಳುವ ಗುರುತಿನ ಚೀಟಿ ಎಲ್ಲ ಉಂಟು. ಚೀಟಿಯಲ್ಲಿ ‘ಬಹುಎಳೆ ತಂತ್ರಾಂಶ ಘಟಕಗಳ ಹಿರಿಯ ಪರೀಕ್ಷಕ’ ಎಂದು ಅಚ್ಚಾಗಿದೆ. ಅರಸೀಕೆರೆಯ ಜನಕ್ಕೆ ಅಷ್ಟುದ್ದ ಹೇಳಲು ಪುರುಸೊತ್ತಿಲ್ಲ, ‘ಜಗಳದ ರುದ್ರಪ್ಪ’ ಎನ್ನುತ್ತಾರೆ.

ಕೆಲಸದ ಗುಟ್ಟು ಇಷ್ಟೇ. ಒಂದು ತಂತ್ರಾಂಶ ಏಕಕಾಲಕ್ಕೆ ನಾನಾ ಕೆಲಸ ಮಾಡಬೇಕಾದಾಗ ತನ್ನನ್ನು ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಒಂದೊಂದು ಎಳೆಗೆ ಒಂದೊಂದು ಕೆಲಸ. ಬಿಡಿಯಾಗಿ ನೋಡಿದರೆ ಎಲ್ಲ ಎಳೆಗಳೂ ಬಂಗಾರ. ಎಲ್ಲಕ್ಕೂ ಸೇರಿಸಿ ಒಂದೇ ಒಲೆ, ಒಂದೇ ಸೌಟು ಕೊಟ್ಟಾಗ ನಿಜವಾದ ಬುದ್ಧಿ ಹೊರಬೀಳುತ್ತದೆ. ಒಲೆ ಹಿಡಿದವನು ಸೌಟಿಗೆ ಕಾಯುತ್ತಾನೆ, ಸೌಟು ಹಿಡಿದವನು ಒಲೆಗೆ ಕಾಯುತ್ತಾನೆ, ಇಬ್ಬರೂ ಬಿಡುವುದಿಲ್ಲ, ಯುಗಗಳು ಕಳೆಯುತ್ತವೆ. ಪುಸ್ತಕಗಳಲ್ಲಿ ಇದಕ್ಕೆ ಡೆಡ್‌ಲಾಕ್ ಎನ್ನುತ್ತಾರೆ. ನಾವು ‘ಪಟ್ಟು’ ಎನ್ನುತ್ತೇವೆ. ಜಂಕ್ಷನ್ನಿನ ಸದ್ದಿನಲ್ಲಿ ಬೆಳೆದ ನನಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಒಂದೇ ಹಳಿಯ ಮೇಲೆ ಎದುರುಬದುರು ನಿಂತ ಎರಡು ಗೂಡ್ಸ್ ಗಾಡಿಗಳನ್ನು ಅಂಬೆಗಾಲಿಡುವ ವಯಸ್ಸಿನಲ್ಲೇ ಗದರಿಸಿ ಹಿಂದಕ್ಕೆ ಕಳಿಸಿದವನು ನಾನು.

ಪಟ್ಟು ತಾನಾಗಿ ಬೀಳುವ ಮೊದಲೇ ನಾನು ಬೀಳಿಸಿ ತೋರಿಸಬೇಕು. ಒಂದು ಎಳೆಯನ್ನು ಚಿವುಟಿ ನಿಧಾನ ಮಾಡುತ್ತೇನೆ. ಇನ್ನೊಂದರ ಕಿವಿಯಲ್ಲಿ ಊದಿ ಅವಸರ ಹತ್ತಿಸುತ್ತೇನೆ. ಮೂರನೆಯದನ್ನು ನಡುದಾರಿಯಲ್ಲಿ ನಿಲ್ಲಿಸಿ ಮಿಕ್ಕವು ಹೇಗೆ ಒದ್ದಾಡುತ್ತವೆ ಎಂದು ಕಾಫಿ ಕುಡಿಯುತ್ತಾ ನೋಡುತ್ತೇನೆ. ನನ್ನ ಕೈಯಲ್ಲಿ ಪಟ್ಟು ಬೀಳದ ತಂತ್ರಾಂಶ ಇರಲಿಲ್ಲ. ಒಂದರ ಹೊರತು. ಆ ಒಂದರ ಕಥೆಯನ್ನೇ ಈಗ ಹೇಳುತ್ತಿರುವುದು.

ಆ ಹೊತ್ತಿಗೆ ತಂತ್ರಾಂಶ ಬರೆಯುವ ಕಾಲ ಮುಗಿದು, ತಂತ್ರಾಂಶಕ್ಕೆ ಮಾತು ಕಲಿಸುವ ಕಾಲ ಬಂದು ಒಂದು ತಲೆಮಾರಾಗಿತ್ತು. ಘಟಕಗಳು ಯಾರ ಬಳಿ ಕೆಲಸ ಕಲಿಯುತ್ತವೋ ಅವರ ಮಾತನ್ನೂ ಕಲಿತು, ತಮ್ಮತಮ್ಮಲ್ಲಿ ಕೊಡುವುದು, ಬಿಡುವುದು, ಕೇಳುವುದು ಎಲ್ಲವನ್ನೂ ಆ ಮಾತಿನಲ್ಲೇ ನಡೆಸುತ್ತಿದ್ದವು. ಮಂಗಳೂರಿನ ಕ್ರೇನುಗಳು ಒಂದನ್ನೊಂದು ‘ಮಾರಾಯ’ ಎನ್ನುತ್ತಿದ್ದವು. ಹುಬ್ಬಳ್ಳಿಯ ಸಿಗ್ನಲ್ ಕಂಬ ಎದುರಿನ ಕಂಬಕ್ಕೆ ‘ಯಾಕಲೇ’ ಎನ್ನದೆ ಹಸಿರು ತೋರಿಸುತ್ತಿರಲಿಲ್ಲ. ನಮ್ಮೂರಿನ ಹೆಮ್ಮೆ ‘ಸಾವಿರ ಕೈ’ ಎಂಬ ಮದುವೆಯ ಅಡುಗೆಮನೆ. ಸೂರಿನಿಂದ ಉಕ್ಕಿನ ಕೈಗಳು ಇಳಿಬಿದ್ದು ಹೆಚ್ಚುತ್ತಿದ್ದವು, ರುಬ್ಬುತ್ತಿದ್ದವು, ಬಡಿಸುತ್ತಿದ್ದವು. ಎಣಿಸಿದರೆ ಇನ್ನೂರೂ ಆಗಲಿಕ್ಕಿಲ್ಲ. ಆದರೆ ಹೆಸರಿಟ್ಟವನು ನಾನು, ಆದ್ದರಿಂದ ಸಾವಿರ.

ಆ ಕೈಗಳು ಅಡುಗೆ ಕಲಿತದ್ದು ಹಾಲಮ್ಮನವರಿಂದ. ಕಡೂರಿನಿಂದ ತಿಪಟೂರಿನವರೆಗೆ ಹಾಲಮ್ಮನವರ ಸಾರು ಉಣ್ಣದೆ ಯಾರೂ ಗಂಡಹೆಂಡಿರಾದವರಿಲ್ಲ. ತಾಳಿ ಕಟ್ಟಿದ್ದರೂ ಎಲೆಗೆ ಆ ಸಾರು ಬೀಳುವ ತನಕ ಮದುವೆ ಲೆಕ್ಕಕ್ಕಿರಲಿಲ್ಲ. ವಯಸ್ಸಾಗಿ ಅವರ ಕೈ ನಡುಗತೊಡಗಿತು. ಸೌಟು ಎತ್ತಿದರೆ ಅರ್ಧ ನೆಲದ ಪಾಲಾಗುತ್ತಿತ್ತು. ಆಗ ಅವರನ್ನು ಅಡುಗೆಮನೆಯ ನಡುವೆ ಒಂದು ಮಣೆಯ ಮೇಲೆ ಕೂರಿಸಿದರು. ಅವರು ಆಳುಗಳಿಗೆ ಹೇಳಿ ಹೇಳಿ ಮಾಡಿಸಿದರು, ಯಂತ್ರ ವರ್ಷವಿಡೀ ಕೇಳಿಸಿಕೊಂಡಿತು. ‘ಒಂದ್ ಚೂರು’, ‘ಘಮ್ ಅನ್ನೋವರ್ಗೂ’, ‘ಮುನಿಸ್ಕೊಂಡ ಸೊಸೆ ಥರ ಕುದೀಬೇಕು, ಉಕ್ಕಬಾರದು’, ಇಂಥವೇ ಅಳತೆ. ಈಗ ಅವರ ಕೈರುಚಿ ಎಂಬುದು ಲೋಕದಲ್ಲಿ ಉಳಿದಿದ್ದರೆ ಅದು ಆ ಉಕ್ಕಿನ ಕೈಗಳಲ್ಲಿ ಮಾತ್ರ.

ಎಲ್ಲ ಸರಿಯಿತ್ತು. ದೊಡ್ಡ ಮದುವೆಯಾದರೆ ಮಾತ್ರ, ಒಲೆಯ ಎಲ್ಲ ಉರಿಗಳೂ ಪಾತ್ರೆಗಳಿಂದ ಭರ್ತಿಯಾದ ಹೊತ್ತಿನಲ್ಲಿ, ಅಡುಗೆಮನೆ ನಿಂತುಬಿಡುತ್ತಿತ್ತು. ಒಂದು ಮದುವೆಯ ದಿನ ಮತ್ತೆ ಹಾಗೇ ಆಯಿತು. ಮೊದಲ ಪಂಕ್ತಿ ಕೂತಿದೆ. ಎಲೆಯ ತುದಿಗೆ ಉಪ್ಪು ಬಿತ್ತು, ಉಪ್ಪಿನಕಾಯಿ ಬಿತ್ತು. ಆಮೇಲೆ ಏನೂ ಬೀಳಲಿಲ್ಲ. ಸಾವಿರ ಕೈಗಳೂ ಸೂರಿನಲ್ಲಿ ಬಾವಲಿಗಳಂತೆ ನೇತಾಡುತ್ತಿವೆ. ಗಂಡಿನ ಕಡೆಯವರು ಉಪ್ಪಿನಕಾಯಿ ನೆಕ್ಕಿದ್ದೇ ನೆಕ್ಕಿದ್ದು. ಅವರ ನಾಲಿಗೆ ಕೆಂಪಗಾಗಿ, ಆ ಬೆಳಕಿಗೆ ಚಪ್ಪರದ ದೀಪಗಳೇ ಮಂಕಾದವು ಎಂದರೆ ನಂಬಬೇಕು.

ನಿಯಂತ್ರಣ ಕೊಠಡಿಯಲ್ಲಿ ಯೋಜನೆಯ ಮುಖ್ಯಸ್ಥರಾದ ಇಂದುಶೇಖರ್ ಸಾಹೇಬರು ನನ್ನನ್ನೂ ಹಾಲಮ್ಮನವರನ್ನೂ ಕರೆಸಿಕೊಂಡರು. ಸಾಹೇಬರು ಮಾತಾಡಿದರೆ ಪಠ್ಯಪುಸ್ತಕ ತೆರೆದಂತೆ. ಮನೆಯಲ್ಲಿ ನಾಯಿಗೂ ‘ದಯವಿಟ್ಟು ಬೊಗಳಬೇಡ’ ಎನ್ನುತ್ತಾರೆಂದು ಸುದ್ದಿ; ಸುದ್ದಿ ಹಬ್ಬಿಸಿದವನು ನಾನೇ.

“ತಿಪ್ಪೇರುದ್ರ, ಕಾರಣ ದೊರೆಯಿತೇ?”

“ಹುಡುಕ್ತಾ ಇದೀನಿ ಸಾರ್. ಎಳೆಗಳ ಮಾತು ಬರ್ಕೊಳ್ಳೋ ದಾಖಲೆ ಯಂತ್ರದ ಕೆಂಪು ದೀಪ ಹಾಕ್ಕೊಂಡು, ಕೊಳಗದಲ್ಲಿ ನೀರು ಕಾಯಿಸಿ, ಎಲ್ಲಾ ಉರೀನೂ ಭರ್ತಿ ಮಾಡಿ ನೋಡಿದೆ. ಚಿವುಟಿದೆ, ತಳ್ಳಿದೆ, ಕಾಲು ಎಳೆದೆ. ಒಂದು ಸಲಾನೂ ಪಟ್ಟು ಬೀಳಲಿಲ್ಲ. ದೀಪ ಆರಿಸಿದ ಮದುವೇಲಿ ಬೀಳುತ್ತೆ.”

“ಅಂದರೆ ನೀವು ನೋಡುತ್ತಿದ್ದರೆ ಸರಿಯಾಗಿರುತ್ತದೆ, ನೋಡದಿದ್ದರೆ ಕೆಡುತ್ತದೆ.”

“ನನ್ನ ನೋಟ ಅಂಥಾದ್ದು ಸಾರ್.”

ಅವರು ನಗಲಿಲ್ಲ. “ದೋಷ ಭಾಷೆಯಲ್ಲಿದೆ ಎಂದು ನನ್ನ ಅನುಮಾನ. ಹಾಲಮ್ಮನವರ ಮಾತನ್ನು ಪೂರ್ತಿ ಅಳಿಸಿ, ಶುದ್ಧ ಗ್ರಂಥಭಾಷೆಯನ್ನೂ ಗ್ರಾಮ್ ಲೆಕ್ಕವನ್ನೂ ಅಳವಡಿಸೋಣ. ಮುಂದಿನ ಮದುವೆಯೊಳಗೆ ನೀವು ಕಾರಣ ಹಿಡಿಯದಿದ್ದರೆ ಅಳಿಸುವುದೇ ಸರಿ.”

ಮೂಲೆಯಲ್ಲಿ ಕೂತಿದ್ದ ಹಾಲಮ್ಮನವರು ಸೆರಗು ಸರಿಮಾಡಿಕೊಂಡರು. “ಗ್ರಾಮ್ ಲೆಕ್ಕದಲ್ಲಿ ಔಷಧಿ ಮಾಡ್ತಾರೆ ಸಾಯೇಬ್ರೇ, ಸಾರು ಮಾಡಕ್ಕಾಗಲ್ಲ. ನನ್ ಕೈ ಹೋಯ್ತು, ಆಯ್ತು. ಈಗ ಬಾಯೂ ಕಿತ್ಕೊತೀನಿ ಅಂದ್ರೆ ಹೆಂಗೆ?”

“ಇದು ವೈಯಕ್ತಿಕವಲ್ಲ, ಹಾಲಮ್ಮನವರೇ.”

“ನನ್ ಬಾಯಿ ನಂದಲ್ದೆ ಇನ್ಯಾರ್ದು?” ಎಂದು ಅವರು ನನ್ನ ಕಡೆ ತಿರುಗಿದರು. “ಏನೋ ರುದ್ರ, ಲೋಕಕ್ಕೆಲ್ಲ ಜಗಳ ತಂದಿಡ್ತೀನಿ ಅಂತೀಯ. ನಾಕು ಪಾತ್ರೆ ಯಾಕೆ ಮುನಿಸ್ಕೊಂಡ್ವು ಅಂತ ಕಂಡುಹಿಡಿಯಕ್ಕಾಗಲ್ವಾ ನಿನ್ ಕೈಲಿ?”

ಬೈಗುಳದ ಒಳಗೆ ಬೇಡಿಕೆ ಇತ್ತು. ಹಾಲಮ್ಮನವರು ಬೇಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಮರುದಿನದಿಂದ ನಾನು ಮಾಡದ ಪರೀಕ್ಷೆಯಿಲ್ಲ. ಕೆಂಪು ದೀಪ ಉರಿಯುತ್ತಿತ್ತು, ಪರದೆಯ ಮೇಲೆ ಎಳೆಗಳ ಮಾತು ಸಾಲುಸಾಲಾಗಿ ಮೂಡುತ್ತಿತ್ತು. ‘ಅನ್ನವು ಬೆಂದಿದೆ. ನಾನು ನಿರ್ಗಮಿಸುತ್ತಿದ್ದೇನೆ.’ ‘ಒಳ್ಳೆಯದು. ಸ್ಥಳವು ತೆರವಾಗಿದೆ.’ ‘ಧನ್ಯವಾದಗಳು. ಸಾರು ಪ್ರವೇಶಿಸುತ್ತಿದೆ.’ ಇಷ್ಟು ಸಭ್ಯರ ನಡುವೆ ಜಗಳ ತಂದಿಡಲು ಬ್ರಹ್ಮನಿಗೂ ಆಗುವುದಿಲ್ಲ. ನನಗೂ ಆಗಲಿಲ್ಲ ಎಂದರೆ ನೀವೇ ಲೆಕ್ಕ ಹಾಕಿಕೊಳ್ಳಿ.

ಸೋತ ಮುಖ ಹೊತ್ತು ಮನೆಗೆ ಹೋದೆ. ಅಲ್ಲಿ ನನ್ನ ಆರಾಮಕುರ್ಚಿಯಲ್ಲಿ ಬಾಣಾವರದ ಸಾಕಮ್ಮ ಚಿಕ್ಕಮ್ಮ ಕೂತಿದ್ದರು. ನನ್ನ ಹೆಂಡತಿ ಶಿವಗಂಗಳ ಚಿಕ್ಕಮ್ಮ, ಬೆಳಿಗ್ಗೆ ಬಂದವರು. ನಾನು ಒಳಗೆ ಕಾಲಿಟ್ಟಾಗ ಅವರು ಹೇಳುತ್ತಿದ್ದುದು ಇದು: “ಬರ್ತೀನಿ ಕಣೇ ಶಿವಗಂಗ, ಹೊತ್ತಾಯ್ತು.” ಹೇಳಿ ಎದ್ದರು. ಎದ್ದವರಿಗೆ ತಮ್ಮ ಓರಗಿತ್ತಿಯ ಮಂಡಿನೋವು ನೆನಪಾಯಿತು, ಮತ್ತೆ ಕೂತರು. ನಾನು ಕುರ್ಚಿಯ ಹಿಂದೆ ಕೈ ಕಟ್ಟಿಕೊಂಡು ನಿಂತೆ. ಮತ್ತೆ “ಬರ್ತೀನಿ ಕಣಮ್ಮ” ಎಂದರು, ಎದ್ದರು, ಈ ಸಲ ಓರಗಿತ್ತಿಯ ಮಗನ ಹೊಸ ಗಾಡಿ ಅಡ್ಡ ಬಂತು, ಕೂತರು. ಅಷ್ಟರಲ್ಲಿ ಶಿವಗಂಗಳಿಗೆ ಏನೋ ಹೊಳೆಯಿತು.

“ಚಿಕ್ಕಮ್ಮ, ಒಂದ್ನಿಮಿಷ. ನಮ್ಮ ಭಾಗ್ಯನ ಸೀಮಂತಕ್ಕೆ ಹೋಗಕ್ಕಾಗಲ್ವಲ್ಲ. ನೀವು ನಾಲ್ಕು ಮಾತಾಡಿ, ಫೋನಲ್ಲಿ ಹಿಡ್ಕೊಂಡು ಕಳಿಸ್ತೀನಿ.”

ಫೋನಿನಲ್ಲಿ ಕೆಂಪು ಚುಕ್ಕಿ ಮೂಡಿತು. ಚಿಕ್ಕಮ್ಮ ಬೆನ್ನು ನೆಟ್ಟಗೆ ಮಾಡಿದರು. ಕತ್ತಿನ ಸರವನ್ನು ಹೊರಗೆ ಹಾಕಿಕೊಂಡರು. ಆಮೇಲೆ ಆ ಬಾಯಿಯಿಂದ, ಕ್ಷಣದ ಹಿಂದೆ ‘ಅವಳ ಮಂಡಿಗಿಷ್ಟು ಬೆಂಕಿ ಹಾಕ’ ಎಂದಿದ್ದ ಅದೇ ಬಾಯಿಯಿಂದ, ಈ ಮಾತು ಬಂತು: “ಎಲ್ಲರಿಗೂ ನನ್ನ ಹೃತ್ಪೂರ್ವಕ ನಮಸ್ಕಾರಗಳು. ಈ ಶುಭ ಸಂದರ್ಭದಲ್ಲಿ ಚಿರಂಜೀವಿ ಸೌಭಾಗ್ಯವತಿ ಭಾಗ್ಯಳಿಗೆ ಸಕಲ ಸನ್ಮಂಗಳವನ್ನು ಕೋರುತ್ತೇನೆ.”

ಚುಕ್ಕಿ ಆರಿತು. “ಸರ್ಯಾಗ್ ಬಂತೇನೇ?” ಎಂದರು.

ನನ್ನ ತಲೆಯಲ್ಲಿ ಸಿಡಿಲು ಹೊಡೆಯಿತು. ಆ ಸಿಡಿಲಿಗೆ ಬೀದಿಯ ದೀಪವೆಲ್ಲ ಒಮ್ಮೆ ಮಿಣುಕಿದ್ದನ್ನು ಕಂಡವರಿದ್ದಾರೆ.

“ಶಿವಗಂಗ, ಕೆಂಪು ಚುಕ್ಕಿ ಕಂಡ್ರೆ ಎಲ್ಲರೂ ಹಿಂಗೇನಾ?”

“ನೀವೇನು ಕಮ್ಮಿನಾ? ನಮ್ಮ ಮದುವೆ ವಿಡಿಯೋದಲ್ಲಿ ‘ನಾನು ಅತೀವ ಸಂತುಷ್ಟನಾಗಿದ್ದೇನೆ’ ಅಂದಿದೀರ. ನಮ್ಮಪ್ಪ ಇನ್ನೂ ನಗ್ತಾರೆ.”

ಹಾಲಮ್ಮನವರೂ ಹಾಗೆಯೇ ಮಾಡಿರಬೇಕು. ಕಲಿಸಲು ಕೂತ ಮೊದಮೊದಲಿಗೆ ದಾಖಲೆ ಯಂತ್ರದ ಕೆಂಪು ದೀಪ ಅವರ ಕಣ್ಣೆದುರೇ ಇತ್ತು. ಆಮೇಲೆ ಅದನ್ನು ಆರಿಸಿದರು. ಘಟಕಗಳು ಸಾರಿನ ಜೊತೆಗೆ ಇದನ್ನೂ ಕಲಿತಿದ್ದವು: ದೀಪ ಉರಿದರೆ ಪುಸ್ತಕದ ಮಾತು, ಆರಿದರೆ ಮನೆಯ ಮಾತು. ದೀಪ ಹಾಕಿಕೊಂಡು ನಾನು ಪರೀಕ್ಷಿಸುತ್ತಿದ್ದುದು ಬೇರೆಯದೇ ಅಡುಗೆಮನೆಯನ್ನು. ರೋಗಿ ಮನೆಯಲ್ಲಿ ನರಳುತ್ತಿದ್ದ, ನಾನು ಅವನ ಫೋಟೋಕ್ಕೆ ಜ್ವರ ನೋಡುತ್ತಿದ್ದೆ.

ಆಗಲೇ ಅಡುಗೆಮನೆಗೆ ಓಡಬೇಕೆಂದಿದ್ದೆ. ಚಿಕ್ಕಮ್ಮ ಬಾಗಿಲಿಗೆ ಅಡ್ಡ ನಿಂತು ಮೂರನೆಯ ಸಲ “ಬರ್ತೀನಿ” ಹೇಳುತ್ತಿದ್ದರು. ಶಿವಗಂಗ ಕುಂಕುಮದ ಬಟ್ಟಲು, ಎಲೆ ಅಡಿಕೆ ತಂದಳು. ಹಣೆಗೆ ಕುಂಕುಮ ಬಿತ್ತು, ಸೆರಗಿಗೆ ತಾಂಬೂಲ ಬಿತ್ತು. ಚಿಕ್ಕಮ್ಮ ಹಿಂತಿರುಗಿ ನೋಡದೆ ಮೆಟ್ಟಿಲಿಳಿದು, ನಾನು ಚಪ್ಪಲಿ ಹಾಕಿಕೊಳ್ಳುವುದರೊಳಗೆ ಬಾಣಾವರ ಮುಟ್ಟಿದ್ದರು.

ದೀಪ ಹಾಕದೆ ಎಳೆಗಳ ಮಾತು ಕೇಳುವುದು ಹೇಗೆ? ಹೊರಗಿನವನಾಗಿ ಕದ್ದು ಕೇಳಿದರೆ ಗೊತ್ತಾಗುತ್ತದೆ. ಒಳಗಿನವನೇ ಆಗಬೇಕು. ನಮ್ಮ ಕಸುಬಿನಲ್ಲಿ ಇಲ್ಲದ ಘಟಕವೊಂದನ್ನು ಇದೆಯೆಂದು ತೋರಿಸಿ ನಡುವೆ ಕೂರಿಸುವ ಪದ್ಧತಿ ಇದೆ, ವೇಷದ ಘಟಕ ಎನ್ನುತ್ತೇವೆ. ಆದರೆ ಯಾವ ವೇಷ? ಹುಳಿ ಎಂದರೆ ಒಲೆ ಕೇಳಬೇಕು, ಹಪ್ಪಳ ಎಂದರೆ ಬಾಣಲೆ ಕೇಳಬೇಕು. ಏನನ್ನೂ ಕೇಳದೆ, ಎಲ್ಲರ ಜೊತೆ ಹರಟುತ್ತಾ ಕೂರುವ ಸೋಮಾರಿ ಇಡೀ ಮದುವೆ ಊಟದಲ್ಲಿ ಒಬ್ಬನೇ. ನಾನು ಕೋಸಂಬರಿಯಾದೆ.

ಎಲ್ಲ ಉರಿಗಳಿಗೂ ಎಂದಿನಂತೆ ನೀರಿನ ಕೊಳಗ ಏರಿಸಿ, ಕೆಂಪು ದೀಪ ಆರಿಸಿ, ಮೈಕ್ ಹಿಡಿದು ಒಳಗೆ ಸೇರಿಕೊಂಡೆ. ಉರಿಗಳನ್ನು ಹಂಚುವ ಘಟಕದ ಹೆಸರು ದೊಡ್ಡೊಲೆ. ದನಿ ಮನೆಯ ಹಿರಿಯಜ್ಜಿಯದು.

“ಯಾರಪ್ಪ ನೀನು, ಹೊಸಬ್ನಂಗೆ ಕಾಣ್ತೀಯ.”

“ನಾನು ಕೋಸಂಬರಿ ಕಣಜ್ಜಿ. ಹೆಸರುಬೇಳೇದು.”

“ಉರಿ ಬೇಕಾ?”

“ನಂಗ್ಯಾಕಜ್ಜಿ ಉರಿ. ಸೌತೆಕಾಯಿ ಜೊತೆ ತಣ್ಣಗೆ ಇರೋನು. ಸುಮ್ನೆ ಕೂತು ಮಾತಾಡಣ ಅಂತ ಬಂದೆ.”

“ಉರಿ ಕೇಳದೆ ಇರೋನು ದೇವರಂಥೋನು. ಕೂತ್ಕೊ.”

ಅಷ್ಟರಲ್ಲಿ ಅನ್ನದ ಎಳೆ ಎದ್ದಿತು. “ಬೆಂದಾಯ್ತು ಅಜ್ಜಿ. ಬರ್ತೀನಿ.”

“ಹೂಂ ಕಣಪ್ಪ, ಬಾ.”

ಅನ್ನದ ಕೊಳಗವನ್ನು ಕೈಗಳು ಎತ್ತಿಕೊಂಡು ಹೋದವು. ಉರಿ ಬರಿದಾಗಿ ಉರಿಯುತ್ತಿತ್ತು. ಸಾರಿನ ಎಳೆ ಸೌಟು ಹಿಡಿದುಕೊಂಡು ಓಡಿ ಬಂತು.

“ಅಜ್ಜಿ, ಅನ್ನ ಎದ್ದ ಜಾಗ ನಂಗೆ ಕೊಡಿ.”

“ಹೆಂಗ್ ಕೊಡ್ಲಿ? ಬರ್ತೀನಿ ಅಂದವ್ನೆ. ಬಂದಾಗ ಜಾಗ ಇಲ್ದಿದ್ರೆ ಏನಂದ್ಕೊಂಡಾನು?”

“ಹಂಗಾದ್ರೆ ಬರೋವರ್ಗೂ ಕಾಯ್ತೀನಿ.”

ಪಕ್ಕದ ಉರಿಯಿಂದ ಪಲ್ಯ ಕೂಗಿತು. “ಲೇ ಸಾರು, ಕಾಯೋದಾದ್ರೆ ಕಾಯಿ, ಆ ಸೌಟು ಇತ್ತ ಬಿಸಾಕು. ತಿರುವದೆ ನಂಗೆ ಏಳಕ್ಕಾಗಲ್ಲ.”

“ಉರಿ ಸಿಕ್ಕೋವರ್ಗೂ ಸೌಟು ಬಿಡಲ್ಲ ಕಣಮ್ಮ. ಆಮೇಲೆ ನಂಗ್ಯಾರು ಕೊಡ್ತಾರೆ?”

ಪಲ್ಯ ಏಳುವುದಿಲ್ಲ, ಸಾರು ಬಿಡುವುದಿಲ್ಲ, ಅನ್ನ ಬರುವುದಿಲ್ಲ. ಅನ್ನ ಯಾ‌ಕೆ ಬರುತ್ತದೆ, ಅದು ಆಗಲೇ ಎಲೆಯ ದಾರಿ ಹಿಡಿದಿದೆ. ಸಾವಿರ ಕೈಗಳೂ ನಿಂತವು. ಪಟ್ಟು ಬಿತ್ತು. ನಾನು ಮೈಕ್ ಬದಿಗಿಟ್ಟು ಕುಣಿದ ಕುಣಿತಕ್ಕೆ ಕೊಠಡಿಯ ಗಾರೆ ಎರಡು ಕಡೆ ಬಿರುಕು ಬಿಟ್ಟಿತು. ಇಂದಿಗೂ ಹೋದರೆ ನೋಡಬಹುದು.

ನಾವು ಮನುಷ್ಯರು ‘ಬರ್ತೀನಿ’ ಎಂದರೆ ಹೋಗುತ್ತೇನೆ ಎಂದೇ ಅರ್ಥ. ಆದರೆ ನೀರು ತರಲು ಹೋಗುವ ಆಳೂ ‘ಬರ್ತೀನಿ’ ಎನ್ನುತ್ತಾನೆ, ಅವನು ನಿಜವಾಗಿ ಬರುತ್ತಾನೆ. ಎದ್ದವನ ಮುಖ, ಕಾಲು ನೋಡಿ ನಮಗೆ ತಿಳಿಯುತ್ತದೆ. ಒಲೆಗೆ ಕಣ್ಣಿಲ್ಲ. ಅದು ಆಡಿದ ಮಾತನ್ನು ನಂಬಿತ್ತು.

ಸುದ್ದಿ ಕೇಳಿ ಇಂದುಶೇಖರ್ ಸಾಹೇಬರು ಅಲ್ಲೇ ತೀರ್ಪು ಕೊಟ್ಟರು. “ಸರಳ. ‘ಬರುತ್ತೇನೆ’ ಎಂಬಲ್ಲೆಲ್ಲ ‘ಹೋಗುತ್ತೇನೆ’ ಎಂದು ಬದಲಿಸಿ.”

“ಒಲೆ ಮುಂದೆ ನಿಂತು ‘ಹೋಗ್ತೀನಿ’ ಅನ್ನೋದಾ?” ಹಾಲಮ್ಮನವರು ಕುರ್ಚಿಯಿಂದ ಅರ್ಧ ಎದ್ದರು. “ಮದ್ವೆ ಮನೇಲಿ? ಅನ್ನ ಬಾಯಿ ಬಿಟ್ಟು ‘ಹೋಗ್ತೀನಿ’ ಅಂದ್ರೆ ಆ ಹುಡುಗ ಹುಡುಗಿ ಗತಿ ಏನು ಸಾಯೇಬ್ರೇ?”

“ಹಾಗಾದರೆ ‘ನಿರ್ಗಮಿಸುತ್ತೇನೆ’ ಎನ್ನಲಿ.”

“ಅದನ್ನ ಬಸ್ ಸ್ಟ್ಯಾಂಡಲ್ಲಿ ಅನ್ಲಿ.”

ಇಬ್ಬರ ನಡುವೆ ನಾನು ಇನ್ನಷ್ಟು ತುಪ್ಪ ಸುರಿಯಬಹುದಿತ್ತು. ಅಭ್ಯಾಸಬಲದಿಂದ ಬಾಯಿಯೂ ತೆರೆದಿತ್ತು. ಆದರೆ ಕಣ್ಣ ಮುಂದೆ ಸಾಕಮ್ಮ ಚಿಕ್ಕಮ್ಮ ಮೆಟ್ಟಿಲಿಳಿದರು.

“ಹಾಲಮ್ಮೋರೇ, ನಿಮ್ಮನೆಗೆ ಬಂದೋರು ನಿಜವಾಗ್ಲೂ ಹೊರಟ್ರು ಅಂತ ನಿಮಗೆ ಯಾವಾಗ ಗ್ಯಾರಂಟಿ ಆಗುತ್ತೆ? ಬರ್ತೀನಿ ಅಂದಾಗ್ಲಾ?”

“ಬರ್ತೀನಿ ಅಂದ್ರೆ ಇನ್ನೊಂದ್ ಲೋಟ ಕಾಫಿ ಇಡ್ಬೇಕು ಅಂತ ಅರ್ಥ. ಎಲೆ ಅಡಿಕೆ ಈಸ್ಕೊಂಡ್ರೆ ಹೊರಟ್ರು.”

“ನಿಮ್ಮ ಒಲೇಗೂ ಅದನ್ನೇ ಕಲಿಸಿ. ಯಾರು ಎಷ್ಟು ಸಲ ಬರ್ತೀನಿ ಅಂದ್ರೂ ಅನ್ಲಿ. ಒಲೆ ತಾಂಬೂಲ ಕೊಡ್ಬೇಕು. ಈಸ್ಕೊಂಡ್ರೆ ಜಾಗ ಖಾಲಿ. ಈಸ್ಕೊಳ್ದೆ ಹೋದ್ರೆ ವಾಪಸ್ ಬರ್ತಾರೆ, ಜಾಗ ಹಿಡೀಲಿ.”

ಹಾಲಮ್ಮನವರು “ಇದನ್ನ ನಿನ್ ಹೆಂಡ್ತಿ ಹೇಳ್ಕೊಟ್ಲಾ?” ಎಂದರು. ನಾನು ಕೇಳಿಸದವನಂತೆ ಪರದೆ ನೋಡಿದೆ. ಅವರು ಮೈಕ್ ಮುಂದೆ ಕೂತು ದೊಡ್ಡೊಲೆಗೆ ತಾಂಬೂಲದ ರೀತಿ ಹೇಳಿಕೊಟ್ಟರು. ದೀಪ ಆರಿಸಿ, ಕೋಸಂಬರಿಯಾಗಿ ಒಳಗೆ ಕೂತು, ಎಷ್ಟು ಕಾಲು ಎಳೆದರೂ ಪಟ್ಟು ಬೀಳಲಿಲ್ಲ.

ಸಾಹೇಬರು ಮಾತ್ರ ಜಗ್ಗಲಿಲ್ಲ. “ನೀವು ಕೇಳಿದೆ ಎನ್ನುತ್ತೀರಿ. ದಾಖಲೆ ಎಲ್ಲಿ? ಮುಂದಿನ ಮದುವೆಯಲ್ಲಿ ಕೆಂಪು ದೀಪ ಉರಿಯಲಿ. ಆ ಮಾತು, ಆ ತಾಂಬೂಲ, ಎಲ್ಲ ದಾಖಲಾಗಲಿ. ಇಲ್ಲವಾದರೆ ಗ್ರಂಥಭಾಷೆಯೇ ಉಳಿಯುತ್ತದೆ. ಅದರಲ್ಲಿ ಪಟ್ಟು ಬಿದ್ದದ್ದೇ ಇಲ್ಲವಲ್ಲ.”

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದೇ ಸಂಕಟ.

ಮದುವೆ ಭಾರಿಯದು. ಊಟಕ್ಕೆ ಬಂದವರ ಚಪ್ಪಲಿ ರಾಶಿ ಮಾಲೇಕಲ್ ಬೆಟ್ಟದ ಎತ್ತರಕ್ಕೆ ಬೆಳೆದು, ಅದನ್ನು ಹತ್ತಿ ಹರಕೆ ಹೊತ್ತವರೂ ಇದ್ದರು. ಸಾಹೇಬರು ಗುಂಡಿ ಒತ್ತಿದರು. ಕೆಂಪು ದೀಪ ಉರಿಯಿತು. ಒಳಗಿನ ದನಿಗಳು ಒಮ್ಮೆಲೇ ಬೆನ್ನು ನೆಟ್ಟಗೆ ಮಾಡಿಕೊಂಡವು.

“ಮಾನ್ಯ ಒಲೆಯವರೇ, ಅನ್ನವು ಪಕ್ವಗೊಂಡಿದೆ. ನಿರ್ಗಮಿಸಲು ಅನುಮತಿ ಕೋರುತ್ತೇನೆ.”

“ಅನುಮತಿಸಲಾಗಿದೆ.”

“ಸಾರಿಗೆ ಲವಣವನ್ನು ನಿಗದಿತ ಪ್ರಮಾಣದಲ್ಲಿ ಸೇರಿಸಲಾಗಿದೆ.”

ಸಾಹೇಬರ ಮುಖ ಅರಳಿತು. ಒಂದು ಉಕ್ಕಿನ ಕೈ ಮೊದಲ ಸಾರನ್ನು ಬಟ್ಟಲಲ್ಲಿ ತಂದು ಹಾಲಮ್ಮನವರ ಮುಂದೆ ಇಟ್ಟಿತು. ಪರೀಕ್ಷೆಗಳಲ್ಲಿ ನಾವು ಬರೀ ನೀರು ಕಾಯಿಸುತ್ತಿದ್ದುದರಿಂದ ಈ ಭಾಷೆಯ ಅಡುಗೆಯನ್ನು ಆವರೆಗೆ ಯಾರೂ ಬಾಯಿಗೆ ಹಾಕಿರಲಿಲ್ಲ. ಹಾಲಮ್ಮನವರು ಎರಡೂ ಕೈಯಲ್ಲಿ ಬಟ್ಟಲು ಎತ್ತಿ ಒಂದು ಗುಟುಕು ಕುಡಿದರು. ಕೆಳಗಿಟ್ಟರು. ಬೈಯಲಿಲ್ಲ. ನನಗೆ ಭಯವಾದದ್ದು ಆಗ.

“ರುಚಿ ಹೇಗಿದೆ?” ಎಂದು ಸಾಹೇಬರು ಕೇಳಿದರು.

“ಉಪ್ಪು ಐತೆ, ಹುಳಿ ಐತೆ, ಖಾರ ಐತೆ. ಸಾರಿಲ್ಲ.” ಅವರು ಬಾಗಿಲ ಕಡೆ ನೋಡುತ್ತಿದ್ದರು. “ಅಳಿಸ್ಬಿಡಿ ಸಾಯೇಬ್ರೇ. ಹಿಂಗೇ ಇರೋದಾದ್ರೆ ನನ್ನದು ಅನ್ನೋದೇನೂ ಇರೋದ್ ಬ್ಯಾಡ. ನನ್ನೆಸರಲ್ಲಿ ಜನ ಇದನ್ನ ಉಣ್ಣೋದ್ ಬ್ಯಾಡ.”

ಮೊದಲ ಪಂಕ್ತಿಯಲ್ಲಿ ಜನ ಅನ್ನ ಕಲಸುತ್ತಿದ್ದರು, ಯಾರೂ ಮಾತಾಡುತ್ತಿರಲಿಲ್ಲ. ಅರಸೀಕೆರೆಯ ಮದುವೆಯಲ್ಲಿ ಉಣ್ಣುವವರು ಮಾತಾಡದಿದ್ದರೆ ಅದು ಸೂತಕ.

ನಾನು ಯೋಚಿಸಿದೆ. ನನ್ನ ಯೋಚನೆಯ ವೇಗ ಬೆಳಕಿಗಿಂತ ಸ್ವಲ್ಪ ಹೆಚ್ಚು. ಕೆಂಪು ದೀಪದ ಮುಂದೆ ಮನುಷ್ಯ ಪುಸ್ತಕದ ಮಾತು ಬಿಡುವುದು ಯಾವಾಗ? ಸಿಟ್ಟು ಬಂದಾಗ. ಸಿಟ್ಟಿನಲ್ಲಿ ಗ್ರಂಥಭಾಷೆ ಮಾತಾಡಿದವನನ್ನು ನಾನು ಕಂಡಿಲ್ಲ. ಹಾಲಮ್ಮನವರಂತೂ ಕಲಿಸುವಾಗ ಆಳುಗಳ ಮೇಲೆ ರೇಗಿದರೆ ದೀಪವಿರಲಿ, ಎದುರಿಗೆ ರಾಜನಿದ್ದರೂ ಮರೆಯುತ್ತಿದ್ದರು. ಅದನ್ನೂ ಈ ಎಳೆಗಳು ಕಲಿತಿರಲೇಬೇಕು. ಅಂದರೆ ಈಗ ಬೇಕಾದದ್ದು ಒಂದು ಜಗಳ. ಜಗಳ ಬೇಕಾದಾಗ ಜಗತ್ತು ಯಾರ ಕಡೆ ನೋಡುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಮೈಕ್ ಎತ್ತಿಕೊಂಡೆ.

“ಸನ್ಮಾನ್ಯ ಸಾರಿನವರೇ, ನಾನು ಕೋಸಂಬರಿ. ಒಂದು ವಿಷಯ. ಹೇಳಬಾರದು. ಆದರೂ ತಮ್ಮ ಹಿತೈಷಿಯಾಗಿ ಹೇಳುತ್ತಿದ್ದೇನೆ.”

“ಹೇಳುವಂಥವರಾಗಿ.”

“ಹೋಳಿಗೆಯವರು ತಮ್ಮನ್ನು ಕುರಿತು ಒಂದು ಮಾತು ನುಡಿದರು. ಎಲೆಯ ಮೇಲೆ ತಮ್ಮನ್ನು ಕಂಡ ಜನರು, ಕೈ ತೊಳೆಯಲು ಬಿಸಿನೀರು ಬಡಿಸಿದ್ದಾರೆಂದು ಭಾವಿಸುತ್ತಾರಂತೆ.”

ಒಳಗೆ ಕುದಿಯುವ ಸದ್ದು ಜೋರಾಯಿತು.

“ಹೀಗೆಂದು ಹೋಳಿಗೆಯವರು ನುಡಿದರೇ?”

“ನುಡಿದರು. ನಕ್ಕರು ಕೂಡ.”

ಈ ಸಲ ಸಾರಿನ ದನಿ ಬೇರೆಯೇ ಆಗಿ ಬಂತು. “ಹೋಳಿಗೆಯವರೇ, ತಾವು... ನೀನು... ಏನೇ ಹೋಳಿಗೆ, ಮೈಯೆಲ್ಲಾ ಎಣ್ಣೆ ಬಳ್ಕೊಂಡು ಮಲಗಿರೋಳೇ, ನನ್ನ ಬಿಸಿನೀರು ಅಂತೀಯೇನೇ?”

“ನಾನೆಲ್ಲಿ ಅಂದೆ?” ಹೋಳಿಗೆ ಚೀರಿತು. “ಅಂದ್ರೂ ತಪ್ಪೇನು? ನಿನ್ ಮುಖಕ್ಕೆ ಬೇಳೆ ಬೇರೆ ಕೇಡು.”

“ಬೇಳೆ ವಿಷ್ಯಕ್ಕೆ ಬರಬ್ಯಾಡ. ಯಾರಲ್ಲಿ, ಇಂಗು ತತ್ತಾ ಇಲ್ಲಿ. ಘಮ್ ಅನ್ನುಸ್ತೀನಿ, ಇವಳು ಮೂರು ದಿನ ಮೂಗು ಹಿಡ್ಕೊಂಡಿರಬೇಕು.”

“ಇಬ್ಬರೂ ಸುಮ್ನಿರ್ರೋ,” ಎಂದು ಪಲ್ಯ ನುಗ್ಗಿತು. “ಊಟಕ್ಕೆ ಬರೋದೇ ನನ್ನ ನಂಬ್ಕೊಂಡು.”

“ನಿನ್ನ ಎಲೆ ಮೂಲೆಗೆ ತಳ್ತಾರೆ ಕಣಮ್ಮ, ಯಾವತ್ತಾದ್ರೂ ನೋಡ್ಕೊಂಡಿದೀಯಾ?” ಇದು ಅನ್ನ. ಅನ್ನದಂಥ ಸಾಧುವೂ ಬಾಯಿ ತೆರೆದದ್ದು ಕೇಳಿ ನನ್ನ ಕಣ್ಣು ತುಂಬಿ ಬಂತು. ಇಂಥ ಜಗಳವನ್ನು ನಾನು ಹಿಂದೆಯೂ ತಂದಿಟ್ಟಿರಲಿಲ್ಲ, ಮುಂದೆಯೂ ಇಡಲಾರೆ.

ಕೈಗಳು ಸೂರಿನಿಂದ ಮಿಂಚಿನಂತೆ ಇಳಿದವು. ಕರಿಬೇವು ಚಟಪಟ ಸಿಡಿಯಿತು. ಒಗ್ಗರಣೆಯ ಹೊಗೆ ಎದ್ದು ಊಟದ ಮನೆಗೆ ನುಗ್ಗಿತು. ಗ್ರಾಮ್ ಲೆಕ್ಕವನ್ನು ಯಾರೂ ನೆನೆಯಲಿಲ್ಲ. ಎಲ್ಲ ಚೂರು, ಚಿಟಿಕೆ, ಹಿಡಿ. ಆ ಗದ್ದಲದ ನಡುವೆಯೇ ದೊಡ್ಡೊಲೆಯ ದನಿ ಕೇಳುತ್ತಿತ್ತು. “ಬೈದಾಡ್ಕೊಂಡ್ರೂ ತಾಂಬೂಲ ಈಸ್ಕೊಂಡು ಹೋಗ್ರೋ.” ‘ಬರ್ತೀನಿ ಅಜ್ಜಿ, ಇವಳನ್ನ ಆಮೇಲೆ ನೋಡ್ಕೊತೀನಿ’ ಎಂದು ಅನ್ನ ತಾಂಬೂಲ ಈಸಿಕೊಂಡಿತು, ಆ ಉರಿಗೆ ಸಾರು ಏರಿತು, ಸಾರು ಸೌಟು ಎಸೆಯಿತು, ಪಲ್ಯ ಹಿಡಿಯಿತು. ಎಲ್ಲ ಉರಿಗಳೂ ಭರ್ತಿಯಾಗಿದ್ದವು. ಪಟ್ಟು ಬೀಳಲಿಲ್ಲ. ಕೆಂಪು ದೀಪ ಕಣ್ಣು ಮಿಟುಕಿಸದೆ ಪ್ರತಿಯೊಂದು ಬೈಗುಳವನ್ನೂ ಬರೆದುಕೊಂಡಿತು.

ಎರಡನೆಯ ಪಂಕ್ತಿಯಲ್ಲಿ ಸಾಹೇಬರು ತಾವೇ ಹೋಗಿ ಕೂತರು. ಹಾಲಮ್ಮನವರನ್ನು ಅವರ ಎದುರಿನ ಎಲೆಗೆ ಕೂರಿಸಿದೆ. ಬಡಿಸುವ ಕೈ ಸಾರು ಹಾಕಿತು. ಸಾಹೇಬರು ಕಲಸಿದರು, ಉಂಡರು, ತಲೆ ಎತ್ತಲಿಲ್ಲ. ಪಕ್ಕದವರು ಏನೋ ಕೇಳಿದರೆ ಕೈಯಲ್ಲೇ ಸುಮ್ಮನಿರಿಸಿದರು. ಕಡೆಗೆ ಎಲೆ ಬರಿದಾಗಿ, ಮೇಲೆ ನೋಡಿ, “ಇನ್ನೊಂದ್ ಸೌಟು ಹಾಕು ಮಾರಾಯ್ತಿ” ಎಂದರು. ಹುಟ್ಟೂರು ಯಾವುದೆಂದು ಅವರು ಆವರೆಗೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಎರಡನೆಯ ಸೌಟು ಮುಗಿಸಿ, ನನ್ನ ಕಡೆ ತಿರುಗಿದರು. “ಅಳಿಸುವುದು ಬೇಡ. ಆದರೆ ಆ ದಾಖಲೆಯನ್ನು ಮೇಲಿನವರಿಗೆ ಹೇಗೆ ತೋರಿಸುವುದು ಎಂಬುದನ್ನು ನೀವೇ ಹೇಳಬೇಕು. ಅರ್ಧದಷ್ಟು ಮಾತು ಹೆಂಗಸರು ಮಕ್ಕಳ ಮುಂದೆ ಓದುವಂಥದ್ದಲ್ಲ.”

ನಾನು ಹಾಲಮ್ಮನವರ ಮುಖ ನೋಡಿದೆ. ಅವರು ತುತ್ತನ್ನು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ್ದರು. ನುಂಗಿದರು. ಜೀವಮಾನದಲ್ಲಿ ಯಾವ ಅಡುಗೆಯನ್ನೂ ಹೊಗಳದ ನಾಲಿಗೆ ಅದು, ಹಳೆಯ ಚಾಳಿ ಬಿಡಲಿಲ್ಲ. ಬಡಿಸುವ ಕೈಯ ಕಡೆ ಮುಖ ಎತ್ತಿ ಹೇಳಿದರು:

“ಉಪ್ಪು ಒಂದ್ ಚೂರು ಕಮ್ಮಿಯಾಯ್ತು ಕಣೋ.”

ಮೇಲಿನಿಂದ ಸಾರಿನ ದನಿ ತಕ್ಷಣ ಬಂತು. ಅದರ ಸಿಟ್ಟು ಇನ್ನೂ ಇಳಿದಿರಲಿಲ್ಲ. “ಉಪ್ಪು ಸರಿಯಾಗೇ ಐತೆ. ನಿಮ್ ನಾಲ್ಗೆಗೆ ವಯಸ್ಸಾಗೈತೆ. ಉಂಡು ಬೇಗ ಎದ್ದೇಳಿ, ಹಿಂದೆ ಪಂಕ್ತಿ ಕಾಯ್ತಾ ಐತೆ.”

ಊಟದ ಮನೆ ಗಕ್ಕನೆ ನಿಂತಿತು. ಹಾಲಮ್ಮನವರಿಗೆ ಎದುರಾಡಿದವರು ಆ ಸೀಮೆಯಲ್ಲಿ ಬದುಕಿ ಉಳಿದ ದಾಖಲೆಯಿಲ್ಲ. ಹಾಲಮ್ಮನವರು ಆ ಉಕ್ಕಿನ ಕೈಯನ್ನು ಬಹಳ ಹೊತ್ತು ನೋಡಿದರು.

“ರುದ್ರ,” ಎಂದರು ಮೆಲ್ಲಗೆ, “ಈ ಮಾತು ನಾನು ಇವಕ್ಕೆ ಹೇಳ್ಕೊಟ್ಟಿಲ್ಲ ಕಣೋ. ನಮ್ಮತ್ತೆಗೆ ಒಂದ್ಸಲ ಅಂದಿದ್ದೆ. ಮದ್ವೆಯಾದ್ ಹೊಸ್ದರಲ್ಲಿ. ಅಲ್ಲಿ ಯಾರೂ ಇರ್ಲಿಲ್ಲ.”

“ಹಂಗಾದ್ರೆ ಇದಕ್ಕೆ ಹೆಂಗ್ ಗೊತ್ತಾಯ್ತು?”

“ಹೆಂಗ್ ಗೊತ್ತಾಗ್ತದೆ? ಸಾರು ನನ್ ಥರ ಮಾಡೋಳಿಗೆ ಬಾಯೂ ನನ್ ಥರಾನೇ ಬರ್ತದೆ.” ಅವರು ನಗತೊಡಗಿದರು. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. ಎಲೆಯಲ್ಲಿದ್ದದ್ದನ್ನು ಒಂದು ಅಗುಳೂ ಬಿಡದೆ ಉಂಡರು. ಆಮೇಲೆ, ಹುಟ್ಟಿದಾಗಿನಿಂದ ಯಾರ ಮಾತನ್ನೂ ಕೇಳದ ಹಾಲಮ್ಮನವರು, ಹೇಳಿಸಿಕೊಂಡ ಹಾಗೆಯೇ ಎಲೆ ಮಡಚಿ ಎದ್ದರು. ಹಿಂದೆ ಪಂಕ್ತಿ ಕಾಯುತ್ತಿತ್ತು.